ಕಿವಿಯಲ್ಲಿ ಕೇಳುತ್ತಿದ್ದ ಧ್ವನಿ ಗುಳಿಗೆಯಿಂದ ನಿಂತಿದೆ. ಆದರೂ ತೋಟದ ಕೆಲಸವನ್ನು ತಮ್ಮ ಯಾಕೆ ಅರ್ಧಕ್ಕೆ ಬಿಡುತ್ತಾನೆ?

ಸ್ಕಿಜೋಫ್ರೇನಿಯಾ ಇರುವ ನಿಮ್ಮ ತಮ್ಮ ಸೋಮಾರಿಯಾಗಿದ್ದಾನಾ ಅಂತ ಕೇಳಿದ್ದೀರಿ. ಇಲ್ಲ, ದಯವಿಟ್ಟು ಹಾಗೆ ಅನ್ನಬೇಡಿ.

ಈ ಕಾಯಿಲೆಯಲ್ಲಿ ಧ್ವನಿ ಕೇಳುವುದು, ಅನುಮಾನ ಪಡುವುದು ಒಂದು ಭಾಗ. ಗಮನ, ನೆನಪು, ಯೋಚನೆಯ ವೇಗ ಕುಗ್ಗುವುದು ಇನ್ನೊಂದು. ಗುಳಿಗೆ ಮೊದಲನೆಯದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಎರಡನೆಯದಕ್ಕೆ ಅಷ್ಟಾಗಿ ಇಲ್ಲ. 1996ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮೈಕಲ್ ಗ್ರೀನ್ ಆವರೆಗಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಕೆಲಸ, ಒಡನಾಟ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಧ್ವನಿ, ಭ್ರಮೆಗಳಿಗಿಂತ ನೆನಪು, ಗಮನಗಳ ನಂಟೇ ಜಾಸ್ತಿ ಅಂತ ಕಂಡಿತು.

ನೀವು ಬೆಳಿಗ್ಗೆ, "ಕಣದಲ್ಲಿ ಕಾಫಿ ಹರಡು, ಮೋಟಾರ್ ಹಾಕು, ಆಮೇಲೆ ಗೋಣಿಕೊಪ್ಪಕ್ಕೆ ಹೋಗಿ ಗೊಬ್ಬರ ತಾ" ಅಂತ ಒಂದೇ ಉಸಿರಿಗೆ ಹೇಳುತ್ತೀರಿ ಅಲ್ವಾ? ಮೂರನ್ನೂ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದೇ ಅವನಿಗೆ ಕಷ್ಟ. ಒಂದು ಹೇಳಿ. ಅದು ಮುಗಿದ ಮೇಲೆ ಇನ್ನೊಂದು. ಗೋಡೆಗೆ ಒಂದು ಚೀಟಿ ಅಂಟಿಸಿ, ಫೋನಿನಲ್ಲಿ ಅಲಾರಂ ಇಡಿ. ದಿನಾ ಅದೇ ಹೊತ್ತಿಗೆ ಅದೇ ಕೆಲಸ ಇದ್ದರೆ ಇನ್ನೂ ಸುಲಭ.

ನೆನಪು, ಗಮನಕ್ಕೆಂದೇ ತರಬೇತಿಗಳಿವೆ. ಸುಮ್ನೆ ಕಂಪ್ಯೂಟರ್ ಮುಂದೆ ಕೂರಿಸಿದರೆ ಸಾಲದು, ನಿಜವಾದ ಕೆಲಸದ ಜೊತೆ ಸೇರಿಸಿದಾಗ ಹೆಚ್ಚು ಫಲ ಕೊಡುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪುನರ್ವಸತಿ ವಿಭಾಗವಿದೆ.

ಇನ್ನೊಂದು ಮಾತು. ಕೈ ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ಕೊಟ್ಟಿದ್ದಾರಾ ನೋಡಿ. ಅದು ನೆನಪನ್ನು ಮಂದ ಮಾಡಬಹುದು. ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಮಡಿಕೇರಿಗೆ ಹೋಗುವುದು ತಡವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.