ಇಸವಿ ಮರೆತಿದ್ದರೆ ನಾಡಿನ ಸುದ್ದಿ ಹಿಡಿಯಿರಿ

ಸರ್, ನಿವೃತ್ತಿಯಾದ ಮೇಲೆ ಬದುಕಿನ ತಿರುವುಗಳನ್ನು ಬರೆಯಲು ಕೂತರೆ ಇಸವಿಗಳೇ ನೆನಪಾಗುತ್ತಿಲ್ಲ, ಏನು ಮಾಡಲಿ ಎಂದಿದ್ದೀರಿ. ಇಸವಿಯ ಹಿಂದೆ ಬೀಳಬೇಡಿ. ಆಗ ನಾಡಿನಲ್ಲಿ ಏನು ನಡೆದಿತ್ತು ಅಂತ ಕೇಳಿಕೊಳ್ಳಿ. ಕೆಲಸಕ್ಕೆ ಸೇರಿದ್ದು ತುರ್ತು ಪರಿಸ್ಥಿತಿಯಲ್ಲೋ (1975ರ ಜೂನ್‌ನಿಂದ 1977ರ ಮಾರ್ಚ್), ಗೋಕಾಕ್ ಚಳವಳಿಯ ಹೊತ್ತಿಗೋ (1982)? ಮಗಳ ಮದುವೆ ಮಾತುಕತೆ ಅಣ್ಣಾವ್ರು ವೀರಪ್ಪನ್ ಸೆರೆಯಲ್ಲಿದ್ದ 108 ದಿನಗಳಲ್ಲೋ? ಹಾಗಾದರೆ 2000ದ ಜುಲೈ ಕೊನೆಯಿಂದ ನವೆಂಬರ್ ಮಧ್ಯದೊಳಗೆ. ನಮ್ಮಮ್ಮ ಇಸವಿ ಹೇಳಿದ್ದೇ ಇಲ್ಲ, ಎಲ್ಲದಕ್ಕೂ ಇಂಥವೇ ಲೆಕ್ಕ!

ಆಮೇಲೆ ಟ್ರಂಕಿನಲ್ಲಿರುವ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡು, ಲಗ್ನಪತ್ರಿಕೆ, ವರ್ಗಾವಣೆ ಆದೇಶ ತೆಗೆದು ತಾಳೆ ನೋಡಿ. ಆದರೆ ಬಡ್ತಿ, ವರ್ಗಾವಣೆಗಳೇ ತಿರುವು ಅಂತೇನಿಲ್ಲ. ನೀವು ಬೇಡ ಅಂದ ಕೆಲಸ, ಒಪ್ಪದೆ ಬಿಟ್ಟ ಸಂಬಂಧ, ಇವಕ್ಕೆ ಕಾಗದಪತ್ರ ಇರಲ್ಲ. ಅವನ್ನೇ ಮೊದಲು ಬರೆದುಬಿಡಿ.