ಗ್ನುಕ್ಯಾಶ್‌ನಲ್ಲಿ ಮ್ಯೂಚುವಲ್ ಫಂಡ್ ಲೆಕ್ಕ: ರೂಪಾಯಿ ಬಿಡಿ, ಯೂನಿಟ್ ಎಣಿಸಿ

ಮೇಡಂ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಫೋನಿನಲ್ಲಿ ಇಷ್ಟುದ್ದ ಟೈಪ್ ಮಾಡುವ ತಾಳ್ಮೆ ನನಗಿಲ್ಲ, ಅದಕ್ಕೇ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತೆ. ನೀವು ಹೇಳಿದ್ದು ಇಷ್ಟು: ಮೂರು ವರ್ಷದಿಂದ ಗ್ನುಕ್ಯಾಶ್ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಮನೆ ಲೆಕ್ಕ ಬರೆಯುತ್ತಿದ್ದೀರಿ. ಮೂರು ಮ್ಯೂಚುವಲ್ ಫಂಡ್‌ಗೆ ತಿಂಗಳು ತಿಂಗಳು ಎಸ್‌ಐಪಿ, ಅಂದರೆ ನಿಗದಿತ ಕಂತು, ಹೋಗುತ್ತದೆ, ಅದನ್ನು ಖರ್ಚಿನ ಖಾತೆಗೆ ಹಾಕುತ್ತಾ ಬಂದಿದ್ದೀರಿ. ಈಗ ಒಟ್ಟು ಆಸ್ತಿ ನೋಡಿದರೆ ಫಂಡ್‌ನ ದುಡ್ಡೇ ಕಾಣುತ್ತಿಲ್ಲ. ಬೆಲೆ ದಿನಾ ಬದಲಾಗುತ್ತದಲ್ಲ, ಅದನ್ನು ಎಲ್ಲಿ ಬರೆಯಬೇಕು ಅಂತಲೂ ಕೇಳಿದ್ದೀರಿ. ಪಿಪಿಎಫ್, ಎಫ್‌ಡಿ ಕೂಡ ಇದೆ ಅಂದಿದ್ದೀರಿ.

ಮೊದಲ ವರ್ಷ ನಾನು ಮಾಡಿದ್ದು ಇದಕ್ಕಿಂತ ಕೆಟ್ಟದು. ಫಂಡ್‌ಗೆ ಮಾಮೂಲಿ ಬ್ಯಾಂಕ್ ಖಾತೆ ತರಹ ಒಂದು ಖಾತೆ ತೆರೆದು, ತಿಂಗಳ ಕೊನೆಗೆ ಬೆಲೆ ಏರಿದ್ದರೆ ವ್ಯತ್ಯಾಸವನ್ನು ಆದಾಯ ಅಂತ, ಇಳಿದಿದ್ದರೆ ಖರ್ಚು ಅಂತ ಬರೆಯುತ್ತಿದ್ದೆ. ಮಾರ್ಕೆಟ್ ಬಿದ್ದ ತಿಂಗಳು ನಮ್ಮ ಮನೆ ಖರ್ಚು ಮೂರು ಪಟ್ಟು ಕಾಣಿಸುತ್ತಿತ್ತು. ಕಿರಾಣಿಗೆ ಎಷ್ಟು ಹೋಯಿತು ಅಂತ ನೋಡೋಕೆ ಹೋದರೆ ಏನೂ ಅರ್ಥವಾಗುತ್ತಿರಲಿಲ್ಲ.

ನಮ್ಮ ಕಡೆಯ ಅಡಿಕೆ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. 8 ಕ್ವಿಂಟಾಲ್ ರಾಶಿ ಅಡಿಕೆ ಮಂಡಿಗೆ ಹಾಕಿ, ರೇಟು ಬರಲಿ ಅಂತ ಕಾಯುತ್ತಿದ್ದೀರಿ ಅಂದುಕೊಳ್ಳಿ. ಮಂಡಿಯ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ 8 ಕ್ವಿಂಟಾಲ್ ಅಂತ ಇರುತ್ತದೆ. ಇವತ್ತಿನ ರೇಟು ಗೋಡೆಯ ಬೋರ್ಡಿನ ಮೇಲೆ ಇರುತ್ತದೆ. ರೇಟು ಏರಿತು ಅಂತ ಯಾರೂ ಪುಸ್ತಕ ತಿದ್ದುವುದಿಲ್ಲ. ಗ್ನುಕ್ಯಾಶ್‌ನಲ್ಲೂ ಹಾಗೇ. ಫಂಡ್ ಖಾತೆ ಅಂದರೆ ಆ ಪುಸ್ತಕ, ಅದರಲ್ಲಿ ಯೂನಿಟ್, ಅಂದರೆ ಫಂಡ್‌ನಲ್ಲಿ ನಿಮ್ಮ ಪಾಲಿನ ಎಣಿಕೆ, ಮಾತ್ರ. ಟೂಲ್ಸ್ ಮೆನುವಿನ ಪ್ರೈಸ್ ಡೇಟಾಬೇಸ್ ಅಂದರೆ ಗೋಡೆಯ ಬೋರ್ಡು. ಎರಡನ್ನೂ ಗುಣಿಸಿ ಮೌಲ್ಯ ತೋರಿಸುವುದು ಸಾಫ್ಟ್‌ವೇರ್ ಕೆಲಸ, ನಮ್ಮದಲ್ಲ.

ಈಗ ಮಾಡಬೇಕಾದದ್ದು. ಮೊದಲು ಸೆಕ್ಯುರಿಟಿ ಎಡಿಟರ್‌ಗೆ ಹೋಗಿ ಒಂದೊಂದು ಸ್ಕೀಮ್‌ಗೂ ಒಂದು ಹೆಸರು ಮಾಡಿ. ಸಿಂಬಲ್ ಜಾಗದಲ್ಲಿ ಆಂಫಿಯ (ಮ್ಯೂಚುವಲ್ ಫಂಡ್ ಕಂಪನಿಗಳ ಒಕ್ಕೂಟ) ಸ್ಕೀಮ್ ಕೋಡ್ ಹಾಕಿ. ಆಂಫಿ ವೆಬ್‌ಸೈಟ್‌ನಲ್ಲಿ ಎಲ್ಲ ಸ್ಕೀಮ್‌ಗಳ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಅವತ್ತಿನ ಬೆಲೆ, ಒಂದೇ ಟೆಕ್ಸ್ಟ್ ಫೈಲಿನಲ್ಲಿ ಸಿಗುತ್ತದೆ, ಸಾಲಿನ ಮೊದಲಿಗೆ ಇರುವುದೇ ಆ ಕೋಡ್. ಇಲ್ಲಿ ಸ್ವಲ್ಪ ನಿಧಾನ ಮಾಡಿ. ಒಂದೇ ಫಂಡ್‌ಗೆ ಡೈರೆಕ್ಟ್ (ನೇರ ಕೊಂಡದ್ದು), ರೆಗ್ಯುಲರ್ (ಏಜೆಂಟರ ಮೂಲಕ), ಗ್ರೋತ್ (ಲಾಭ ಒಳಗೇ ಉಳಿಯುವುದು), ಐಡಿಸಿಡಬ್ಲ್ಯೂ (ಡಿವಿಡೆಂಡ್ ಕೊಡುವುದು) ಅಂತ ಬೇರೆ ಬೇರೆ ಕೋಡ್ ಇರುತ್ತದೆ, ಎನ್‌ಎವಿ ಕೂಡ ಬೇರೆ. ನಾನು ಡೈರೆಕ್ಟ್ ಪ್ಲಾನ್ ಇಟ್ಟುಕೊಂಡು ರೆಗ್ಯುಲರ್ ಪ್ಲಾನಿನ ಕೋಡ್ ಹಾಕಿದ್ದೆ. ಎಂಟು ತಿಂಗಳು ಕಡಿಮೆ ಮೌಲ್ಯ ನೋಡಿಕೊಂಡು ಸುಮ್ನೆ ಬೇಜಾರು ಮಾಡಿಕೊಂಡಿದ್ದೆ!

ಅದೇ ಕಿಟಕಿಯಲ್ಲಿ ಯೂನಿಟ್ ಎಷ್ಟು ಸಣ್ಣ ಭಾಗದವರೆಗೆ ಬರೆಯಬಹುದು ಅಂತ ಕೇಳುತ್ತದೆ. 1/1000 ಇಡಿ, ನಮ್ಮ ಫಂಡ್‌ಗಳ ಸ್ಟೇಟ್‌ಮೆಂಟ್‌ನಲ್ಲಿ ಯೂನಿಟ್ 3 ದಶಮಾಂಶಕ್ಕೆ ಬರುತ್ತದೆ. 1/100 ಇಟ್ಟರೆ ಪ್ರತಿ ಕಂತಿನಲ್ಲೂ ಚೂರು ಚೂರು ಉದುರಿ ಹೋಗಿ ಯಾವತ್ತೂ ತಾಳೆ ಆಗುವುದಿಲ್ಲ.

ಆಮೇಲೆ ಆಸ್ತಿ, ಅದರೊಳಗೆ ಹೂಡಿಕೆ, ಅದರೊಳಗೆ ಒಂದೊಂದು ಸ್ಕೀಮ್‌ಗೂ ಒಂದು ಖಾತೆ. ಖಾತೆಯ ವಿಧ ಮ್ಯೂಚುವಲ್ ಫಂಡ್ ಅಂತ ಆರಿಸಿ. ನಿಮ್ಮದೂ ಯಜಮಾನರದೂ ಒಂದೇ ಸ್ಕೀಮ್ ಇದ್ದರೆ ಖಾತೆ ಎರಡು ಮಾಡಿ. ಸ್ಟೇಟ್‌ಮೆಂಟ್ ಫೋಲಿಯೋ (ಫಂಡ್ ಕಂಪನಿಯಲ್ಲಿ ನಿಮ್ಮ ಖಾತೆ ಸಂಖ್ಯೆ) ಲೆಕ್ಕದಲ್ಲಿ ಬರುತ್ತದೆ, ತೆರಿಗೆಯೂ ಅವರವರ ಪ್ಯಾನ್ ಮೇಲೆ.

ಒಂದು ಕಂತು ಬರೆದು ತೋರಿಸುತ್ತೇನೆ. ಬ್ಯಾಂಕಿನಿಂದ 5,000 ರೂಪಾಯಿ ಹೋಯಿತು. 2020ರ ಜುಲೈ 1ರಿಂದ ಫಂಡ್ ಖರೀದಿಗೆ 0.005% ಸ್ಟಾಂಪ್ ಡ್ಯೂಟಿ ಇದೆ, ಅಂದರೆ 25 ಪೈಸೆ. ಫಂಡ್‌ಗೆ ಸೇರಿದ್ದು 4,999.75. ಅವತ್ತಿನ ಎನ್‌ಎವಿ 62.4180 ಇತ್ತು ಅಂತಿಟ್ಟುಕೊಳ್ಳಿ, ಸಿಕ್ಕಿದ್ದು 80.101 ಯೂನಿಟ್. ಫಂಡ್ ಖಾತೆ ತೆರೆದು, ಸ್ಪ್ಲಿಟ್ ಒತ್ತಿ, ಮೂರು ಸಾಲು ಬರೆಯಿರಿ: ಫಂಡ್‌ಗೆ 80.101 ಯೂನಿಟ್ 4,999.75 ರೂಪಾಯಿಗೆ, ಸ್ಟಾಂಪ್ ಡ್ಯೂಟಿ ಖರ್ಚಿಗೆ 0.25, ಬ್ಯಾಂಕಿನಿಂದ 5,000 ಕಳೆಯಿರಿ. ಬೆಲೆಯ ಕಾಲಂ ಖಾಲಿ ಬಿಡಿ. 80.101 ಅನ್ನು 62.4180ರಿಂದ ಗುಣಿಸಿದರೆ 4,999.74 ಬರುತ್ತದೆ, ಒಂದು ಪೈಸೆ ಕಡಿಮೆ. ಮೂರನ್ನೂ ನೀವೇ ತುಂಬಿದರೆ ಯಾವುದನ್ನು ಬದಲಿಸಲಿ ಅಂತ ಅದು ತಲೆ ತಿನ್ನುತ್ತದೆ. ಯೂನಿಟ್ ಮತ್ತು ಹಣ ಸ್ಟೇಟ್‌ಮೆಂಟಿನಲ್ಲಿ ಇರುವ ಹಾಗೆ ಬರೆಯಿರಿ, ಬೆಲೆಯನ್ನು ಅದೇ ಹಾಕಿಕೊಳ್ಳುತ್ತದೆ. 25 ಪೈಸೆಗೆ ಬೇರೆ ಸಾಲು ಯಾಕೆ ಅನ್ನಿಸಿದರೆ ಫಂಡ್‌ನ ಸಾಲಿಗೇ 5,000 ಹಾಕಿ ಮುಗಿಸಿ. ನಾನು ಲೆಕ್ಕ ಬರೆದೇ ಹೊಟ್ಟೆ ಹೊರೆದವನು, ನನ್ನಿಂದ ಅದು ಆಗುವುದಿಲ್ಲ.

ಹಳೇ ಮೂರು ವರ್ಷದ ಎಂಟ್ರಿಗಳ ವಿಷಯ. ಸುಲಭ ದಾರಿ ಅಂದರೆ ಇವತ್ತಿನ ಒಟ್ಟು ಯೂನಿಟ್, ಇದುವರೆಗೆ ಹಾಕಿದ ಹಣ, ಎರಡನ್ನೂ ಆರಂಭದ ಬಾಕಿಯಿಂದ ಒಂದೇ ಸಾಲಿನಲ್ಲಿ ತರುವುದು. ಆದರೆ ನಿಮ್ಮ ಹಳೇ ಖರ್ಚಿನ ಲೆಕ್ಕ ತಪ್ಪಾಗಿಯೇ ಉಳಿಯುತ್ತದೆ. ಮಾರುವಾಗ ಯಾವ ಯೂನಿಟ್ ಯಾವತ್ತು ಕೊಂಡದ್ದು ಅಂತಲೂ ಗೊತ್ತಾಗುವುದಿಲ್ಲ. ಮೂರು ಫಂಡ್, 36 ತಿಂಗಳು, ಒಟ್ಟು 108 ಎಂಟ್ರಿ. ಎರಡು ಭಾನುವಾರದ ಕೆಲಸ, ಮಾಡಿಬಿಡಿ ಅನ್ನುತ್ತೇನೆ. ಫಂಡ್ ಕಂಪನಿಗಳ ಪರವಾಗಿ ಲೆಕ್ಕ ಇಡುವ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ವೆಬ್‌ಸೈಟ್‌ನಲ್ಲಿ ಕನ್ಸಾಲಿಡೇಟೆಡ್ ಅಕೌಂಟ್ ಸ್ಟೇಟ್‌ಮೆಂಟ್ (ಎಲ್ಲ ಫಂಡ್‌ಗಳದ್ದೂ ಒಟ್ಟಿಗೆ) ಕೇಳಿ. ಸಂಕ್ಷಿಪ್ತ ಬೇಡ, ವಿವರವಾದದ್ದೇ ಆರಿಸಿ, ಮೊದಲ ಕಂತಿನ ದಿನದಿಂದ ಇವತ್ತಿನವರೆಗೆ ತಾರೀಖು ಕೊಡಿ. ಪಿಡಿಎಫ್ ಇಮೇಲ್‌ಗೆ ಬರುತ್ತದೆ. ಹಳೇ ಖರ್ಚಿನ ಎಂಟ್ರಿ ಅಳಿಸಿ ಫಂಡ್ ಖಾತೆಯಲ್ಲೇ ಹೊಸದಾಗಿ ಬರೆಯುವುದು ನನಗೆ ಸುಲಭ ಅನ್ನಿಸಿತು. ಬ್ಯಾಂಕ್ ಜೊತೆ ತಾಳೆ ಹಾಕಿದ ಗುರುತು ಹೋಗುತ್ತದೆ, ಅದನ್ನು ಮತ್ತೆ ಹಾಕಬೇಕು. ಶುರು ಮಾಡುವ ಮುಂಚೆ ಫೈಲಿನ ಒಂದು ನಕಲು ಪೆನ್‌ಡ್ರೈವ್‌ಗೆ ಹಾಕಿಡಿ.

ಮಾರಾಟ ಬರೆಯುವಾಗಲೇ ಎಲ್ಲರೂ ಎಡವುವುದು. ನೀವು ಇನ್ನೂ ಮಾರಿಲ್ಲ, ಆದರೂ ಹೇಳಿಬಿಡುತ್ತೇನೆ. 100 ಯೂನಿಟ್ 70 ರೂಪಾಯಿಗೆ ಮಾರಿದಿರಿ, 7,000. ಈಕ್ವಿಟಿ (ಷೇರಿನ) ಫಂಡ್ ಆದರೆ 0.001% ಎಸ್‌ಟಿಟಿ ಅನ್ನುವ ವಹಿವಾಟು ತೆರಿಗೆ, 7 ಪೈಸೆ, ಹೋಗಿ ಬ್ಯಾಂಕಿಗೆ 6,999.93 ಬಂತು. ಮೊದಲು ಕೊಂಡದ್ದು ಮೊದಲು ಮಾರಿದ ಹಾಗೆ ಲೆಕ್ಕ, ಆ 100 ಯೂನಿಟ್‌ಗೆ ನೀವು ಕೊಟ್ಟಿದ್ದು 6,200. ಲಾಭ 800. ಫಂಡ್‌ನಿಂದ 100 ಯೂನಿಟ್ 7,000ಕ್ಕೆ ಕಳೆಯಿರಿ, ಬ್ಯಾಂಕಿಗೆ 6,999.93, ಎಸ್‌ಟಿಟಿಗೆ 0.07. ಇಷ್ಟಕ್ಕೆ ನಿಲ್ಲಿಸಿದರೆ ಲಾಭ ಎಲ್ಲೂ ಆದಾಯವಾಗಿ ಕಾಣುವುದಿಲ್ಲ. ಅದೇ ಎಂಟ್ರಿಯಲ್ಲಿ ಇನ್ನೆರಡು ಸಾಲು ಸೇರಿಸಿ: ಫಂಡ್ ಖಾತೆಗೆ ಯೂನಿಟ್ ಇಲ್ಲದೆ, ಬೆಲೆ ಇಲ್ಲದೆ, ಬರೀ 800 ರೂಪಾಯಿ ಬೈ (ಖರೀದಿ) ಕಾಲಂನಲ್ಲಿ, ಎದುರಿಗೆ ಬಂಡವಾಳ ಲಾಭ ಅನ್ನುವ ಆದಾಯ ಖಾತೆಯಲ್ಲಿ 800. ಯೂನಿಟ್ ಇಲ್ಲದ ಸಾಲು ನೋಡಿದರೆ ವಿಚಿತ್ರ ಅನ್ನಿಸುತ್ತದೆ, ಆದರೆ ಅದೇ ಸರಿ. ಒಂದು ಸ್ಕೀಮ್‌ನಿಂದ ಇನ್ನೊಂದಕ್ಕೆ ಸ್ವಿಚ್ ಮಾಡಿದರೂ ಹೀಗೇ, ಒಂದು ಮಾರಾಟ ಒಂದು ಖರೀದಿ. ತೆರಿಗೆಗೂ ಅದು ಮಾರಾಟವೇ.

ತೆರಿಗೆ ಅಂದಮೇಲೆ ನೆನಪಾಯಿತು. 2024ರ ಜುಲೈ 23ರಿಂದ ಈಕ್ವಿಟಿ ಫಂಡ್‌ನಲ್ಲಿ ಒಂದು ವರ್ಷ ದಾಟಿದ ಲಾಭಕ್ಕೆ 12.5%, ಅದೂ ವರ್ಷಕ್ಕೆ 1.25 ಲಕ್ಷ ದಾಟಿದ ಭಾಗಕ್ಕೆ ಮಾತ್ರ. ವರ್ಷದೊಳಗೆ ಮಾರಿದರೆ 20%. ಡೆಟ್ (ಸಾಲಪತ್ರಗಳ) ಫಂಡ್ ಆದರೆ, 2023ರ ಏಪ್ರಿಲ್ 1ರಿಂದ ಕೊಂಡದ್ದಕ್ಕೆ ನಿಮ್ಮ ಆದಾಯ ತೆರಿಗೆಯ ಸ್ಲ್ಯಾಬ್ ದರ, ಎಷ್ಟು ವರ್ಷ ಇಟ್ಟಿದ್ದರೂ ಅಷ್ಟೇ. ರಿಟರ್ನ್ ತುಂಬುವಾಗ ನಾನು ಗ್ನುಕ್ಯಾಶ್ ಲೆಕ್ಕ ಹಾಕುವುದಿಲ್ಲ. ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್ ಕೊಡುವ ಕ್ಯಾಪಿಟಲ್ ಗೇನ್ಸ್ ಸ್ಟೇಟ್‌ಮೆಂಟನ್ನೇ ಹಾಕುತ್ತೇನೆ. ನನ್ನ ಲೆಕ್ಕ ಅದಕ್ಕೆ ಸಾಕ್ಷಿ ಮಾತ್ರ.

ಡಿವಿಡೆಂಡ್ ಬರುವ ಪ್ಲಾನ್ ಇದ್ದರೆ ಪೂರ್ತಿ ಮೊತ್ತವನ್ನು ಆದಾಯಕ್ಕೆ ಬರೆಯಿರಿ. ಟಿಡಿಎಸ್ (ಮೊದಲೇ ಹಿಡಿದುಕೊಳ್ಳುವ ತೆರಿಗೆ) ಕಡಿದಿದ್ದರೆ ಆ ಭಾಗವನ್ನು ಖರ್ಚಿಗೆ ಹಾಕಬೇಡಿ, 'ಟಿಡಿಎಸ್ ಬರಬೇಕಾದದ್ದು' ಅಂತ ಆಸ್ತಿಯ ಖಾತೆ ಮಾಡಿ. ರಿಟರ್ನ್‌ನಲ್ಲಿ ಹೊಂದಿಸಿಕೊಂಡಾಗ ಅದು ಖಾಲಿ ಆಗುತ್ತದೆ.

ಪಿಪಿಎಫ್, ಎಫ್‌ಡಿಗೆ ಈ ಯೂನಿಟ್ ರಗಳೆ ಇಲ್ಲ. ಮಾಮೂಲಿ ಆಸ್ತಿ ಖಾತೆ ಸಾಕು. ಪಿಪಿಎಫ್ ಬಡ್ಡಿ ಮಾರ್ಚ್ 31ಕ್ಕೆ ಜಮಾ ಆಗುತ್ತದೆ, ಅವತ್ತು ಒಂದು ಎಂಟ್ರಿ. ಅಂದಹಾಗೆ ಪಿಪಿಎಫ್‌ಗೆ ಹಣ ಹಾಕುವುದಾದರೆ ತಿಂಗಳ 5ನೇ ತಾರೀಖಿನೊಳಗೆ ಹಾಕಿ. 5ರ ನಂತರ ತಿಂಗಳ ಕೊನೆವರೆಗೆ ಇರುವ ಕನಿಷ್ಠ ಬಾಕಿಗೆ ಬಡ್ಡಿ, 6ನೇ ತಾರೀಖು ಹಾಕಿದರೆ ಆ ತಿಂಗಳದ್ದು ಹೋಯಿತು. ಎಫ್‌ಡಿಗೆ ಒಂದೊಂದಕ್ಕೂ ಒಂದು ಖಾತೆ ಮಾಡಿ ಹೆಸರಿನಲ್ಲೇ ಮುಗಿಯುವ ತಾರೀಖು ಬರೆದಿಡಿ. ಚಿನ್ನದ ಬಾಂಡ್ ಇದ್ದರೆ ಅದು ಮತ್ತೆ ಫಂಡ್ ತರಹ, ಗ್ರಾಂ ಅಂದರೆ ಯೂನಿಟ್. ಮನೆಯಲ್ಲಿರುವ ಬಂಗಾರವನ್ನು ಮಾತ್ರ ಇದಕ್ಕೆ ತರಬೇಡಿ. ಮಾರುವುದಿಲ್ಲ ಅಂತ ನಿಮಗೂ ಗೊತ್ತು, ಸುಮ್ನೆ ಮೊತ್ತ ದೊಡ್ಡದಾಗಿ ಕಾಣುತ್ತದೆ.

ಬೆಲೆ ತರಿಸುವುದಕ್ಕೆ ಫೈನಾನ್ಸ್ ಕೋಟ್ ಅನ್ನುವ ಸಲಕರಣೆ ಇದೆ, ಅದರಲ್ಲಿ ನಮ್ಮ ಫಂಡ್‌ಗಳಿಗೆ 'ಇಂಡಿಯಾ ಮ್ಯೂಚುವಲ್' ಅನ್ನುವ ಮೂಲ ಸಿಗುತ್ತದೆ. ವಿಂಡೋಸ್ ಆದರೆ ಪರ್ಲ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಬೇರೆ ಹಾಕಿಕೊಳ್ಳಬೇಕು. ಮೂರು ಫಂಡ್‌ಗೆ ಇಷ್ಟೆಲ್ಲ ಬೇಡ ಅನ್ನುವುದು ನನ್ನ ಅಭಿಪ್ರಾಯ. ತಿಂಗಳ ಕೊನೆ ದಿನದ ಎನ್‌ಎವಿ ನೋಡಿ ಪ್ರೈಸ್ ಡೇಟಾಬೇಸ್‌ನಲ್ಲಿ ಕೈಯಲ್ಲೇ ಬರೆಯಿರಿ, ಎರಡು ನಿಮಿಷ. ದಿನಾ ತರಿಸಿದರೆ ದಿನಾ ನೋಡುತ್ತೀರಿ, ನಿದ್ದೆ ಕೆಡುತ್ತದೆ ಅಷ್ಟೇ.

ಬೆಲೆಗಿಂತ ಮುಖ್ಯ ಯೂನಿಟ್ ತಾಳೆ. ಮೂರು ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ತರಿಸಿ, ಕೊನೆಯ ಯೂನಿಟ್ ಬಾಕಿ ನಿಮ್ಮ ಖಾತೆಯ ಬಾಕಿಗೆ ಸರಿಯಿದೆಯಾ ನೋಡಿ. ನಾನು ಒಮ್ಮೆ ಎಸ್‌ಐಪಿಯನ್ನು ಶೆಡ್ಯೂಲ್ಡ್ ಟ್ರಾನ್ಸಾಕ್ಷನ್‌ಗೆ ಹಾಕಿ, ಅಂದಾಜು ಯೂನಿಟ್ ಕೊಟ್ಟು ಆಮೇಲೆ ತಿದ್ದೋಣ ಅಂತ ಬಿಟ್ಟಿದ್ದೆ. ಒಂದು ತಿಂಗಳು ಖಾತೆಯಲ್ಲಿ ದುಡ್ಡು ಸಾಲದೆ ಕಂತು ಹೋಗಿರಲೇ ಇಲ್ಲ. ಗ್ನುಕ್ಯಾಶ್ ಮಾತ್ರ ಕಂತು ಕಟ್ಟಿದೆ ಅಂತ ನಿಷ್ಠೆಯಿಂದ ಬರೆದುಕೊಂಡಿತ್ತು. ಯೂನಿಟ್ ಗೊತ್ತಾಗುವುದು ಹಂಚಿಕೆ ಆದಮೇಲೆ, ಹಾಗಾಗಿ ಎಸ್‌ಐಪಿಗೆ ತಾನೇ ಬರೆದುಕೊಳ್ಳುವ ವ್ಯವಸ್ಥೆ ಬೇಡ. ಜ್ಞಾಪನೆ ಬರುವ ಹಾಗೆ ಮಾತ್ರ ಇಟ್ಟುಕೊಳ್ಳಿ.

ಲಾಭ ಎಷ್ಟಾಯಿತು ಅಂತ ನೋಡಲು ರಿಪೋರ್ಟ್ಸ್‌ನಲ್ಲಿ ಅಡ್ವಾನ್ಸ್ಡ್ ಪೋರ್ಟ್‌ಫೋಲಿಯೋ ಇದೆ. ಆಯ್ಕೆಗಳಿಗೆ ಹೋಗಿ ಲೆಕ್ಕದ ರೀತಿಯನ್ನು ಸರಾಸರಿಯಿಂದ ಫಿಫೋಗೆ (ಮೊದಲು ಕೊಂಡದ್ದು ಮೊದಲು ಮಾರಿದ್ದು) ಬದಲಿಸಿ. ವರ್ಷಕ್ಕೆ ಶೇಕಡಾ ಎಷ್ಟು ಬಂತು ಅನ್ನುವುದಕ್ಕೆ ಅದನ್ನು ನಂಬಬೇಡಿ. ಕಂತಿನ ತಾರೀಖು, ಮೊತ್ತ ಎರಡನ್ನೂ ಲಿಬ್ರೆಆಫೀಸ್ ಹಾಳೆಗೆ ಹಾಕಿ, ಕೊನೆಯ ಸಾಲಿಗೆ ಇವತ್ತಿನ ಮೌಲ್ಯವನ್ನು ವಿರುದ್ಧ ಚಿಹ್ನೆಯಲ್ಲಿ ಬರೆದು, ಎಕ್ಸ್‌ಐಆರ್‌ಆರ್ (ವಾರ್ಷಿಕ ಲಾಭದ ದರ) ತೆಗೆಯಿರಿ.

ಇನ್ನೊಂದು ಮಾತು. ಗ್ನುಕ್ಯಾಶ್ ಫೈಲಿಗೆ ಪಾಸ್‌ವರ್ಡ್ ಇಲ್ಲ, ಯಾರು ತೆರೆದರೂ ತೆರೆಯುತ್ತದೆ. ಮಕ್ಕಳೂ ಬಳಸುವ ಕಂಪ್ಯೂಟರ್ ಅಂದಿರಲ್ವಾ? ನಿಮ್ಮದೇ ಬೇರೆ ಲಾಗಿನ್ ಮಾಡಿಕೊಂಡು ಅದರಲ್ಲಿ ಇಡಿ.

ಮೊದಲು ಒಂದೇ ಫಂಡ್ ಪೂರ್ತಿ ಬರೆದು ನೋಡಿ. ಯೂನಿಟ್ ತಾಳೆ ಆಗದಿದ್ದರೆ ಖಾತೆಯ ಚಿತ್ರ ತೆಗೆದು ಇಲ್ಲೇ ಹಾಕಿ, ಫೋಲಿಯೋ ನಂಬರ್ ಮತ್ತು ಪ್ಯಾನ್ ಮುಚ್ಚಿ. ಸಂಜೆ 7ರ ನಂತರ ನಾನು ನೋಡುತ್ತೇನೆ.