ಕೆನಡಾದ ವಿಸ್ಕಿ ಬಾಟಲಿ ಮೇಲೆ 'ಗ್ಲೆನ್' ಅಂತ ಇದ್ರೆ ಆ ಹೆಸರು ಯಾರದ್ದು?

ನೀವು ಕೇಳಿರೋದು: ಸ್ಕಾಟ್ಲೆಂಡ್ ಬಿಟ್ಟು ಎಷ್ಟೋ ತಲೆಮಾರು ಆಗಿರೋ ಜನ ಕೆನಡಾದಲ್ಲಿ ತಮ್ಮ ವಿಸ್ಕಿಗೆ 'ಗ್ಲೆನ್' (ಸ್ಕಾಟ್ಲೆಂಡಿನ ಹಳೇ ಭಾಷೆ ಗೇಲಿಕ್‌ನಲ್ಲಿ ಕಣಿವೆ) ಅಂತ ಹೆಸರಿಟ್ಕೊಂಡ್ರೆ ಸ್ಕಾಟ್ಲೆಂಡಿನವ್ರು ಯಾಕೆ ಕೋರ್ಟಿಗೆ ಹೋಗ್ಬೇಕು, ಆ ಹೆಸರೇನು ಅವರಪ್ಪನ ಮನೆ ಆಸ್ತೀನಾ ಅಂತ. ನಾನಿರೋದು ಹ್ಯಾಲಿಫ್ಯಾಕ್ಸ್‌ನಲ್ಲಿ, ಆ ಜಗಳ ನಡೆದಿದ್ದೇ ಕೆನಡಾದ ನಮ್ಮ ನೋವಾ ಸ್ಕೋಶಿಯಾ ಪ್ರಾವಿನ್ಸಿನ ಒಂದು ಬಾಟಲಿ ಮೇಲೆ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಉತ್ತರ ಮೊದ್ಲೇ ಹೇಳ್ಬಿಡ್ತೀನಿ: 'ಗ್ಲೆನ್' ಅವರದ್ದೂ ಹೌದು ಇವರದ್ದೂ ಹೌದು, ಆದ್ರೆ 'ಸ್ಕಾಚ್' ಮಾತ್ರ ಅಲ್ಲಿ ಮಾಡೋರದ್ದೇ.

ಇಲ್ಲಿನವ್ರಿಗೆ ಸ್ಕಾಟ್ಲೆಂಡ್ ಅಂದ್ರೆ ಟೂರಿಸ್ಟ್ ಅಂಗಡೀಲಿ ತೂಗುಹಾಕಿರೋ ಕಿಲ್ಟ್ (ಅಲ್ಲಿನ ಗಂಡಸರು ಉಡೋ ಚೌಕಳಿ ಲಂಗ) ಅಷ್ಟೇ ಅಲ್ಲ. 1773ರಲ್ಲಿ ಹೆಕ್ಟರ್ ಅನ್ನೋ ಹಡಗು ಸ್ಕಾಟ್ಲೆಂಡಿನ ಗುಡ್ಡಗಾಡು ಹೈಲ್ಯಾಂಡ್ಸ್‌ನ ಕುಟುಂಬಗಳನ್ನ ಇಲ್ಲಿನ ಪಿಕ್ಟೌ ಬಂದರಿಗೆ ತಂದಿಳಿಸ್ತು, ಆಮೇಲೆ ಹೈಲ್ಯಾಂಡ್ಸ್‌ನ ಜಮೀನ್ದಾರರು ಕುರಿ ಸಾಕಿದ್ರೆ ಲಾಭ ಜಾಸ್ತಿ ಅಂತ ಗೇಣಿದಾರರನ್ನ ಒಕ್ಕಲೆಬ್ಬಿಸೋಕೆ ಶುರು ಮಾಡಿದ್ಮೇಲೆ ಸಾವಿರಾರು ಜನ ಬಂದು ನಮ್ಮ ಪ್ರಾವಿನ್ಸಿನದ್ದೇ ಆದ ಕೇಪ್ ಬ್ರೆಟನ್ ದ್ವೀಪ ತುಂಬ್ಕೊಂಡ್ರು. ಈಗ್ಲೂ ಆ ಕಡೆ ಹೋದ್ರೆ ಊರಿನ ಬೋರ್ಡಲ್ಲಿ ಇಂಗ್ಲಿಷ್ ಜೊತೆ ಗೇಲಿಕ್ ಹೆಸರೂ ಇರುತ್ತೆ. ಮಿಲ್ಲಿಂಗ್ ಫ್ರಾಲಿಕ್ ಅಂತ ಒಂದು ಮಾಡ್ತಾರೆ, ಉದ್ದನೆ ಮೇಜಿನ ಸುತ್ತ ಜನ ಕೂತು ಒದ್ದೆ ಉಣ್ಣೆ ಕಂಬಳೀನ ಎರಡೂ ಕೈಲಿ ಹಿಡಿದು ಮೇಜಿಗೆ ದಬದಬ ಬಡೀತಾ ಪಕ್ಕದವರಿಗೆ ದಾಟಿಸ್ತಾ ಹೋಗ್ತಾರೆ, ಒಬ್ರು ಗೇಲಿಕ್ ಹಾಡು ಎತ್ತಿದ್ರೆ ಉಳಿದವ್ರೆಲ್ಲ ಪಲ್ಲವಿ ಹಿಡೀತಾರೆ. ಆ ಬಡಿತಾನೇ ತಾಳ. ಹೊಸ ನೇಯ್ಗೆ ಬಿಗಿಯಾಗ್ಲಿ ಅಂತ ಹಿಂದೆ ಮನೆಮನೇಲೂ ಮಾಡ್ತಿದ್ದ ಕೆಲಸ ಅದು, ಇವತ್ತು ಕಂಬಳಿ ಅಂಗಡೀಲೇ ಸಿಗುತ್ತೆ ಆದ್ರೂ ಹಾಡಿಗೋಸ್ಕರ ಸೇರ್ತಾರೆ. ಇಂಥವರಿಗೆ ಹೋಗಿ ನಿಮ್ಮ ಸ್ಕಾಟಿಷ್‌ತನ ನಕಲಿ ಅನ್ನೋಕೆ ನನಗಂತೂ ಬಾಯಿ ಬರಲ್ಲ.

ಹಾಗಂತ ಈ ಹೆಮ್ಮೆಯೆಲ್ಲ ತಾನಾಗೇ ಬೆಳೆದಿದ್ದೂ ಅಲ್ಲ. ಆಂಗಸ್ ಎಲ್. ಮ್ಯಾಕ್‌ಡೊನಾಲ್ಡ್ ಇಲ್ಲಿನ ಪ್ರೀಮಿಯರ್ (ನಮ್ಮ ಕಡೆ ಮುಖ್ಯಮಂತ್ರಿ ಇದ್ದಂಗೆ) ಆಗಿದ್ದಾಗ ಟೂರಿಸಂಗೆ ಅನುಕೂಲ ಅಂತ ಸರ್ಕಾರಾನೇ ಇದಕ್ಕೆ ಚೆನ್ನಾಗಿ ನೀರೆರೀತು. ನಮ್ಮ ಪ್ರಾವಿನ್ಸಿನ ನೀಲಿ ಟಾರ್ಟನ್ (ಸ್ಕಾಟಿಷ್ ಚೌಕಳಿ ಬಟ್ಟೆ) ಹುಟ್ಟಿದ್ದು 1953ರಲ್ಲಿ, ಬೆಸ್ಸಿ ಮರ್ರೆ ಅನ್ನೋವ್ರು ಕುರಿ ಸಾಕಣೆ ಪ್ರದರ್ಶನಕ್ಕೆ ಮಾಡಿದ ಒಂದು ಚಿತ್ರದಲ್ಲಿ ಕುರಿಗಾಹಿಗೆ ಉಡಿಸಿದ ಕಿಲ್ಟ್ ಅದು! ಅದನ್ನ 1956ರಲ್ಲಿ ಎಡಿನ್‌ಬರೋದ ಲಾರ್ಡ್ ಲಯನ್ ಕೋರ್ಟಲ್ಲಿ (ಸ್ಕಾಟ್ಲೆಂಡಿನ ವಂಶಲಾಂಛನಗಳನ್ನ ನೋಡ್ಕೊಳ್ಳೋ ಕಚೇರಿ) ರಿಜಿಸ್ಟರ್ ಮಾಡಿಸಿದ್ರು, ಅಂದ್ರೆ ಇಲ್ಲಿನ ಹೊಸ ಬಟ್ಟೆಗೂ ಅಲ್ಲಿನ ಮುದ್ರೆ ಬೇಕು ಅನ್ನಿಸಿತ್ತು.

ಈಗ ಕೇಸಿಗೆ ಬರೋಣ. ಕೇಪ್ ಬ್ರೆಟನ್‌ನ ಗ್ಲೆನ್‌ವಿಲ್ ಅನ್ನೋ ಊರಲ್ಲಿ 1990ರಲ್ಲಿ ಗ್ಲೆನೋರಾ ಡಿಸ್ಟಿಲರಿ ಶುರುವಾಯ್ತು. ಅವರ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರೀಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ) ಹೆಸರು ಗ್ಲೆನ್ ಬ್ರೆಟನ್ ರೇರ್. ಅದರ ಟ್ರೇಡ್‌ಮಾರ್ಕ್‌ಗೆ ಸ್ಕಾಟ್ಲೆಂಡಿನ ವಿಸ್ಕಿ ಮಾಡೋರ ಸಂಘ ಸ್ಕಾಚ್ ವಿಸ್ಕಿ ಅಸೋಸಿಯೇಷನ್ ತಕರಾರು ಹಾಕ್ತು, ಗ್ಲೆನ್‌ಫಿಡಿಕ್ ಗ್ಲೆನ್‌ಲಿವೆಟ್ ಥರದ ಹೆಸರಾಂತ ಸ್ಕಾಚ್ ನೋಡಿದ ಜನ 'ಗ್ಲೆನ್' ಅಂದ ತಕ್ಷಣ ಸ್ಕಾಚ್ ಅಂದ್ಕೊಳ್ತಾರೆ ಅಂತ. 2007ರಲ್ಲಿ ಟ್ರೇಡ್‌ಮಾರ್ಕ್ ಬೋರ್ಡಲ್ಲಿ ಗ್ಲೆನೋರಾ ಗೆಲ್ತು, 2008ರಲ್ಲಿ ಫೆಡರಲ್ ಕೋರ್ಟಲ್ಲಿ ಸೋಲ್ತು, 2009ರ ಜನವರೀಲಿ ಮೇಲಿನ ಅಪೀಲ್ ಕೋರ್ಟಲ್ಲಿ ಮತ್ತೆ ಗೆಲ್ತು, ಅದೇ ವರ್ಷ ಜೂನಲ್ಲಿ ಕೆನಡಾ ಸುಪ್ರೀಂ ಕೋರ್ಟ್ ಅಸೋಸಿಯೇಷನ್‌ನ ಅರ್ಜೀನ ವಿಚಾರಣೆಗೇ ತಗೊಳ್ಳಿಲ್ಲ. ಅಪೀಲ್ ಕೋರ್ಟ್ ಹೇಳಿದ ಮುಖ್ಯ ಮಾತು, ಬರೀ 'ಗ್ಲೆನ್' ಅನ್ನೋದನ್ನ ಯಾರೂ ಒಂಟಿಯಾಗಿ ಮಾರ್ಕ್ ಥರ ಬಳಸಿಲ್ಲ ಅನ್ನೋದು. ನನಗೆ ಇದು ನ್ಯಾಯ ಅನ್ಸುತ್ತೆ. ಬಾಟಲಿ ಮೇಲೆ ಕೆನಡಾ ಬಾವುಟದ ಮೇಪಲ್ ಎಲೆ ಇದೆ, ಕೆನಡಾ ಅಂತ ಬರೆದಿದೆ, ಊರ ಹೆಸರಲ್ಲೇ ಗ್ಲೆನ್ ಇದೆ, ಇನ್ನೇನು ಬೇಕು? ಇನ್ನೊಂದು ವಿಷಯ, ಆ 'ಬ್ರೆಟನ್' ಫ್ರಾನ್ಸಿನ ಬ್ರಿಟನಿ ಕಡೆ ಮೀನುಗಾರರಿಂದ ಬಂದಿದ್ದು ಅಂತಾರೆ, ಅವರಿಗೂ ಮೊದ್ಲಿಂದ ಇಲ್ಲಿರೋ ಮಿಗ್‌ಮಾ ಜನಕ್ಕೆ ಈ ದ್ವೀಪ ಉನಮಾಗಿ. ಒಡೆತನದ ಮಾತು ಬಂದಾಗ ಅವರನ್ನ ಯಾರೂ ಕೇಳಲ್ಲ, ಅದು ನನಗೆ ನಿಜವಾಗ್ಲೂ ಬೇಜಾರು.

ಆದ್ರೆ ಸ್ಕಾಟ್ಲೆಂಡಿನವ್ರನ್ನ ಬರೀ ಜಗಳಗಂಟರು ಅಂದ್ಕೋಬೇಡಿ. ಸ್ಕಾಚ್ ಅಂತ ಕರೀಬೇಕು ಅಂದ್ರೆ ಸ್ಕಾಟ್ಲೆಂಡಲ್ಲೇ ಬಟ್ಟಿ ಇಳಿಸಿ, ಅಲ್ಲೇ ಓಕ್ ಪೀಪಾಯೀಲಿ ಕಡಿಮೆ ಅಂದ್ರೂ 3 ವರ್ಷ ಇಡಬೇಕು, ಶೇ 40ಕ್ಕಿಂತ ಕಮ್ಮಿ ಆಲ್ಕೋಹಾಲ್ ಇರಬಾರದು. ಅಷ್ಟು ಕಾಯೋರ ಹೊಟ್ಟೆಪಾಡು ಆ ಹೆಸರಲ್ಲೇ ಇರೋದು. ಹ್ಯಾರಿಸ್ ಟ್ವೀಡ್ ಅನ್ನೋ ಉಣ್ಣೆ ಬಟ್ಟೆಗೆ 1993ರಲ್ಲಿ ಒಂದು ಕಾಯ್ದೇನೇ ಆಯ್ತು, ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪದವ್ರು ತಮ್ಮ ಮನೇಲಿ ಕೈಯಲ್ಲಿ ನೇಯ್ದಿದ್ರೆ ಮಾತ್ರ ಆ ಹೆಸರು. ಮುತ್ತಾತ ಅಲ್ಲಿಂದ ಬಂದಿದ್ದ ಅಂತ ಹ್ಯಾಲಿಫ್ಯಾಕ್ಸಲ್ಲಿ ನೇಯ್ದು ಹ್ಯಾರಿಸ್ ಟ್ವೀಡ್ ಅಂತ ಮಾರೋಕೆ ಆಗಲ್ಲ, ಆಗಲೂಬಾರದು. ಹಾಡು, ಅಡ್ಡಹೆಸರು, ಟಾರ್ಟನ್ ಇವೆಲ್ಲ ಜನರ ಜೊತೆ ಹಡಗು ಹತ್ತಿ ಬಂದ್ವು, ದುಡ್ಡು ಕೊಟ್ಟು ತಗೊಳ್ಳೋನಿಗೆ ಕೊಟ್ಟ ಭರವಸೆ ಅಲ್ಲೇ ಉಳೀತು.

ಇದೇ ಗ್ಲೆನ್ ಯುರೋಪಲ್ಲಿ ಸೋತಿದೆ ಗೊತ್ತಾ. ಜರ್ಮನಿಯ ಬೆರ್ಗ್ಲೆನ್ ಊರಿನ ಡಿಸ್ಟಿಲರಿ 'ಗ್ಲೆನ್ ಬುಕೆನ್‌ಬಾಕ್' ಅಂತ ಮಾರ್ತಿತ್ತು, 2018ರಲ್ಲಿ ಯುರೋಪಿಯನ್ ಕೋರ್ಟ್ ಕಾನೂನು ಹೇಗೆ ಓದಬೇಕು ಅಂತ ಹೇಳ್ತು, 2019ರಲ್ಲಿ ಹ್ಯಾಂಬರ್ಗ್ ಕೋರ್ಟ್ ಹೆಸರು ತೆಗೀರಿ ಅಂತು. ಅಲ್ಲಿ ಗೇಲಿಕ್ ಮಾತಾಡೋ ಅಜ್ಜಿ ಯಾರೂ ಇರಲಿಲ್ಲ, ಹಾಗಾಗಿ ನನಗೆ ಅವರ ಮೇಲೆ ಅಂಥ ಕನಿಕರ ಇಲ್ಲ.

ನಮ್ಮ ಬೆಂಗಳೂರಿಗೂ ಇದರಲ್ಲಿ ಪಾಲಿದೆ. ಖೋಡೇಸ್‌ನವ್ರು 1968ರಿಂದ 'ಪೀಟರ್ ಸ್ಕಾಟ್' ಅಂತ ವಿಸ್ಕಿ ಮಾಡ್ತಿದ್ರು, ಅದೇ ಅಸೋಸಿಯೇಷನ್ 1986ರಲ್ಲಿ ಆ ಟ್ರೇಡ್‌ಮಾರ್ಕ್ ವಿರುದ್ಧ ಹೋಯ್ತು, 2008ರ ಮೇನಲ್ಲಿ ನಮ್ಮ ಸುಪ್ರೀಂ ಕೋರ್ಟಲ್ಲಿ ಖೋಡೇಸ್ ಗೆಲ್ತು. ಗೆದ್ದಿದ್ದಕ್ಕೆ ದೊಡ್ಡ ಕಾರಣ ಅಸೋಸಿಯೇಷನ್‌ನವ್ರು ಇಷ್ಟು ವರ್ಷ ಗೊತ್ತಿದ್ದೂ ಸುಮ್ಮನಿದ್ರು ಅನ್ನೋದು, ಸ್ಕಾಚ್ ತಗೊಳ್ಳೋವ್ರು ತಿಳಿದವರು, ಹೆಸರು ನೋಡಿ ಮೋಸ ಹೋಗಲ್ಲ ಅಂತಾನೂ ಕೋರ್ಟ್ ಹೇಳ್ತು. ಊರವನಾಗಿ ಖುಷಿ ಪಡಬೇಕೇನೋ, ಆದ್ರೆ ನನಗೆ ಆ ಹೆಸರು ಇಷ್ಟ ಆಗಲ್ಲ, ಎರವಲು ಗೌರವ ಅದು. ಅಮೃತ್ ಡಿಸ್ಟಿಲರಿಯವ್ರು 2004ರಲ್ಲಿ ಬೆಂಗಳೂರಿನ ಸಿಂಗಲ್ ಮಾಲ್ಟ್‌ನ ಸೀದಾ ಸ್ಕಾಟ್ಲೆಂಡಿನ ಗ್ಲಾಸ್ಗೋಗೇ ತಗೊಂಡು ಹೋಗಿ ಬಿಡುಗಡೆ ಮಾಡಿದ್ರು, ಗ್ಲೆನ್ನೂ ಇಲ್ಲ, ಸ್ಕಾಟಿಷ್ ಅಡ್ಡಹೆಸರಿನ ಮ್ಯಾಕ್ಕೂ ಇಲ್ಲ, ತಮ್ಮದೇ ಹೆಸರು, ಇಂಡಿಯನ್ ಅಂತ ಲೇಬಲ್ ಮೇಲೇ ಹಾಕ್ಕೊಂಡು. ನೀವು ಯಾವ್ದಾದ್ರೂ ಸರಕಿಗೆ ಹೆಸರು ಹುಡುಕ್ತಾ ಈ ಪ್ರಶ್ನೆ ಕೇಳಿದ್ರೆ ನಾನು ತೋರ್ಸೋದು ಆ ಬಾಟಲೀನೇ.